ಹತ್ತನೆಯವರ ಹೆಸರು ಪೆನ್ಸಿಲ್‌ನಲ್ಲಿ ಯಾಕೆ? ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಕಾರ್ಮಿಕ ಸಚಿವರಿಗೆ ನಮಸ್ಕಾರ. ಸಣ್ಣ ಕೈಗಾರಿಕೆ ಖಾತೆ ನೋಡಿಕೊಳ್ಳುವ ಸಚಿವರೂ ಇದನ್ನು ಓದಿದರೆ ಒಳ್ಳೇದು. ಇದರಲ್ಲಿ ಅರ್ಧ ಮಾತು ಅವರಿಗೂ ಸೇರಿದ್ದು.

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ವೇತನಕ್ಕೊಂದು, ಕೈಗಾರಿಕಾ ಸಂಬಂಧಕ್ಕೊಂದು, ಸಾಮಾಜಿಕ ಭದ್ರತೆಗೊಂದು, ಕೆಲಸದ ಜಾಗದ ಸುರಕ್ಷತೆಗೊಂದು. 29 ಹಳೇ ಕಾನೂನುಗಳು ಇವುಗಳೊಳಗೆ ಕರಗಿದವು. ಟಿವಿಯಲ್ಲಿ ಚರ್ಚೆ ಆಯಿತು, ಕಾರ್ಮಿಕ ಸಂಘಟನೆಗಳು ವಿರೋಧಿಸಿದವು, ದೊಡ್ಡ ಕಂಪನಿಗಳ ಎಚ್‌ಆರ್‌ನವರು ವಕೀಲರನ್ನು ಕೂರಿಸಿಕೊಂಡು ಮೀಟಿಂಗ್ ಮಾಡಿದರು. ನನ್ನ ಹತ್ತಿರ ಬಂದ ಸಣ್ಣ ಮಾಲೀಕರು ಕೇಳಿದ್ದು ಮಾತ್ರ ಒಂದೇ ಪ್ರಶ್ನೆ: "ಮೇಡಂ, ಇದು ನಮಗೂ ಬರ್ತದೇನ್ರಿ?"

ಹುಬ್ಬಳ್ಳಿಯಲ್ಲಿ ಸಣ್ಣ ಉದ್ಯಮಗಳ ಲೆಕ್ಕ ಬರೆಯುವುದು, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ರಾಜ್ಯ ವಿಮೆ) ಚಲನ್ ತೆಗೆಯುವುದು ನನ್ನ ಕಸುಬು. ನಾನು ವಕೀಲೆ ಅಲ್ಲ. ನನ್ನ ಗಿರಾಕಿಗಳಲ್ಲಿ ಖಡಕ್ ರೊಟ್ಟಿ ಮಾಡಿಸಿ ಮಾರುವ ಹೆಂಗಸರಿದ್ದಾರೆ, ಗ್ಯಾರೇಜಿನವರಿದ್ದಾರೆ, ಪ್ರಿಂಟಿಂಗ್ ಪ್ರೆಸ್ಸಿನವರಿದ್ದಾರೆ, ತಾರಿಹಾಳದ ಕಡೆ ಫ್ಯಾಬ್ರಿಕೇಶನ್ ಶೆಡ್ ಹಾಕಿಕೊಂಡವರಿದ್ದಾರೆ. ಈಗೀಗ ಬಾಡಿಗೆ ಮನೆಯ ಹಾಲ್‌ನಲ್ಲೇ ಆ್ಯಪ್ ಮಾಡುವ ಹುಡುಗರೂ ಬರುತ್ತಿದ್ದಾರೆ.

ನನ್ನ ಬೇಡಿಕೆ ಸಣ್ಣದು. ಒಬ್ಬ ವ್ಯಕ್ತಿ ಮೊದಲ ಸಲ ಇನ್ನೊಬ್ಬರನ್ನು ಪಗಾರಕ್ಕೆ ಇಟ್ಟುಕೊಳ್ಳುವಾಗಲೇ, ಅವರ ಮೇಲೆ ಏನೇನು ಹೊಣೆ ಬಂತು ಅಂತ ಸರ್ಕಾರ ಅವರಿಗೆ ಕನ್ನಡದಲ್ಲಿ ಹೇಳಬೇಕು. ನೋಟಿಸ್ ಬರೆದು ಹೇಳುವುದಕ್ಕೆ ಮುಂಚೆ ಹೇಳಬೇಕು.

ಮೊದಲು ನೋಟಿಸ್, ಆಮೇಲೆ ಪಾಠ ಅಂತಾದರೆ ಏನಾಗುತ್ತದೆ ಎಂದು 2025ರ ಜುಲೈನಲ್ಲಿ ನಾವೆಲ್ಲ ನೋಡಿದೆವು. ಯುಪಿಐ ಲೆಕ್ಕ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋಯಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೂ ಲಕ್ಷಗಟ್ಟಲೆ ತೆರಿಗೆಯ ನೋಟಿಸ್ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸಿದರು. ಕೊನೆಗೆ ಮುಖ್ಯಮಂತ್ರಿಗಳೇ ವ್ಯಾಪಾರಿಗಳನ್ನು ಕರೆದು ಮಾತಾಡಬೇಕಾಯಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು, ವಿನಾಯಿತಿ ಇರುವ ಮಾಲು ಯಾವುದು ಅಂತೆಲ್ಲ ತಿಳುವಳಿಕೆ ಸಭೆಗಳು ನಡೆದದ್ದು ಇಷ್ಟೆಲ್ಲ ಆದಮೇಲೆ. ಆ ಸಭೆಗಳು ಎರಡು ವರ್ಷ ಮುಂಚೆ ನಡೆದಿದ್ದರೆ ಎಷ್ಟು ಗಲಾಟೆ ತಪ್ಪುತ್ತಿತ್ತು, ಅಲ್ವಾ?

ಅದು ತೆರಿಗೆ ಇಲಾಖೆಯ ಕಥೆ. ನಿಮ್ಮ ಇಲಾಖೆಯ ವಿಷಯದಲ್ಲಿ ಇನ್ನೂ ಅಂಥ ಗಲಾಟೆ ಆಗಿಲ್ಲ. ಆದರೆ ಅದಕ್ಕೆ ಬೇಕಾದ ಸಾಮಾನೆಲ್ಲ ಊರೂರಿನ ಹಾಜರಿ ಪುಸ್ತಕಗಳಲ್ಲಿ ಸಿದ್ಧವಾಗಿದೆ.

ಒಂದು ಹಾಜರಿ ಪುಸ್ತಕದ ಬಗ್ಗೆ ಹೇಳುತ್ತೇನೆ. ಒಬ್ಬರು ತಾಯಿ ರೊಟ್ಟಿ ಯೂನಿಟ್ ನಡೆಸುತ್ತಾರೆ. ದಿನಾ ಬೆಳಗ್ಗೆ ಹಿಟ್ಟು ನಾದುವ ಮಷಿನ್ ಶುರು, ಮಧ್ಯಾಹ್ನದ ಹೊತ್ತಿಗೆ ರೊಟ್ಟಿ ಕಟ್ಟಿ ಪ್ಯಾಕೆಟ್, ಸಂಜೆ ಬಸ್ಸಿಗೆ ಪಾರ್ಸಲ್. ಹಾಜರಿ ಪುಸ್ತಕದಲ್ಲಿ ಒಂಬತ್ತು ಹೆಸರು ನೀಲಿ ಪೆನ್ನಿನಲ್ಲಿ. ಹತ್ತನೆಯದು ಪೆನ್ಸಿಲ್‌ನಲ್ಲಿ, ಅದೂ ತೆಳ್ಳಗೆ. ಯಾಕೆ ಅಂದೆ. "ಅಕ್ಕಾರ, ಹತ್ತ ಆದ್ರ ಏನೇನೋ ಬರತಾವಂತ. ಯಾರರೆ ಬಂದ್ರ ಆಕೀ ಹೆಸರ ಅಳಿಸಿಬಿಡೂದು" ಅಂದರು. ಏನೇನು ಬರುತ್ತವೆ ಅಂತ ಕೇಳಿದರೆ ಅವರಿಗೆ ಗೊತ್ತಿಲ್ಲ. ಪಕ್ಕದ ಯೂನಿಟ್‌ನವರು ಹೇಳಿದ್ದು, ಅವರಿಗೆ ಇನ್ಯಾರೋ ಹೇಳಿದ್ದು.

ಆ "ಏನೇನೋ" ನಿಜವಾಗಿ ಏನು ಅಂತ ಯಾರಾದರೂ ಅವರ ಮುಂದೆ ಕೂತು ಲೆಕ್ಕ ಹಾಕಿ ತೋರಿಸಿದ್ದರೆ ಪೆನ್ಸಿಲ್ ಬೇಕಾಗುತ್ತಿರಲಿಲ್ಲ.

ಹತ್ತು ಜನ ಆದರೆ ಮೊದಲು ಬರುವುದು ಇಎಸ್‌ಐ. ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರಿಗೆ ಮಾಲೀಕರು ಶೇ 3.25, ಕೆಲಸದವರು ಶೇ 0.75 ಕಟ್ಟಬೇಕು. ಅದಕ್ಕಿಂತ ಜಾಸ್ತಿ ಪಗಾರದವರಿಗೆ ಕಟ್ಟುವಂತಿಲ್ಲ, ಆದರೆ ತಲೆ ಎಣಿಸುವಾಗ ಅವರೂ ಲೆಕ್ಕಕ್ಕೆ ಬರುತ್ತಾರೆ. ಇದನ್ನು ತಪ್ಪು ತಿಳಿದವರೇ ಬಹಳ. ಹತ್ತು ಜನಕ್ಕೆ ತಲಾ 15,000 ಪಗಾರ ಅಂತಿಟ್ಟುಕೊಳ್ಳಿ. ಮಾಲೀಕರ ಪಾಲು ತಿಂಗಳಿಗೆ 4,875 ರೂಪಾಯಿ. ಒಬ್ಬರಿಗೆ 488.

ಈಗ ಇನ್ನೊಂದು ಕಡೆ ನೋಡಿ. ಆ ಹಿಟ್ಟಿನ ಮಷಿನ್ನಿಗೆ ಕೈ ಸಿಕ್ಕಿತು ಅಥವಾ ಕರೆಂಟ್ ಹೊಡೆಯಿತು ಅಂತಿಟ್ಟುಕೊಳ್ಳಿ. ಇಎಸ್‌ಐ ಇದ್ದರೆ ಆಸ್ಪತ್ರೆ ಖರ್ಚು, ರಜೆಯ ದಿನಗಳ ಹಣ, ಅಂಗ ಊನವಾದರೆ ಪಿಂಚಣಿ, ಸಾವಾದರೆ ಮನೆಯವರಿಗೆ ಪಿಂಚಣಿ, ಎಲ್ಲವೂ ಇಎಸ್‌ಐ ಹೊಣೆ. ಇಎಸ್‌ಐ ಇಲ್ಲದಿದ್ದರೆ ಪರಿಹಾರ ಕೊಡುವ ಹೊಣೆ ನೇರ ಮಾಲೀಕರ ತಲೆ ಮೇಲೆ. ಸಾವಿನ ಪರಿಹಾರಕ್ಕೆ ಲೆಕ್ಕದ ದಾರಿ ಕಾನೂನಿನಲ್ಲೇ ಇದೆ: ಪಗಾರದ ಅರ್ಧವನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು, ಪಗಾರವನ್ನು ಹೆಚ್ಚೆಂದರೆ 15,000 ಅಂತ ಹಿಡಿಯಬೇಕು. 25 ವರ್ಷದವರಿಗೆ ಆ ಅಂಕಿ 216.91. ಅಂದರೆ 7,500 ಗುಣಿಸು 216.91. ಬರುವುದು 16,26,825 ರೂಪಾಯಿ. ತಿಂಗಳಿಗೆ 488 ಉಳಿಸಲು ಹೋಗಿ ಹದಿನಾರು ಲಕ್ಷದ ಹೊಣೆ ಹೊತ್ತುಕೊಂಡು ಕೂತಿದ್ದೀರಿ ಅಂತ ತೋರಿಸಿದಾಗ ಆ ತಾಯಿ ಸ್ವಲ್ಪ ಹೊತ್ತು ಕ್ಯಾಲ್ಕ್ಯುಲೇಟರ್ ಅನ್ನೇ ನೋಡುತ್ತಾ ಕೂತರು. ಆಮೇಲೆ ಕೇಳಿದ್ದು: "ಮತ್ತ ಇದನ್ನ ಮೊದಲ ಯಾಕ ಯಾರೂ ಹೇಳಲಿಲ್ಲರಿ?"

ಸಚಿವರೇ, ಈ ಪ್ರಶ್ನೆಯನ್ನು ನಿಮಗೆ ದಾಟಿಸಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ಒಂಬತ್ತೇ ಜನ ಇದ್ದರೂ ಅಪಘಾತದ ಹೊಣೆ ತಪ್ಪುವುದಿಲ್ಲ. ಹತ್ತಕ್ಕಿಂತ ಕಡಿಮೆ ಇದ್ದವರೂ, ಕೆಲಸದವರಲ್ಲಿ ಹೆಚ್ಚಿನವರು ಒಪ್ಪಿದರೆ, ತಾವಾಗಿಯೇ ಇಎಸ್‌ಐಗೆ ಬಂದು ಸೇರಲು ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ದಾರಿ ಇದೆ. ಈ ಒಂದು ವಾಕ್ಯ ನಮ್ಮ ರೊಟ್ಟಿ ಯೂನಿಟ್‌ಗಳಿಗೆ, ಗ್ಯಾರೇಜುಗಳಿಗೆ ಗೊತ್ತಾದರೆ ಎಷ್ಟೋ ಮನೆಗಳು ಉಳಿದಾವು. ಆದರೆ ಇದು ಗೊತ್ತಿರುವ ಒಬ್ಬ ಮಾಲೀಕರನ್ನೂ ನಾನು ಇನ್ನೂ ನೋಡಿಲ್ಲ.

ಹೆರಿಗೆ ರಜೆಯದೂ ಇದೇ ಪಾಡು. 26 ವಾರ ಪಗಾರ ಸಹಿತ ರಜೆ ಅನ್ನುವುದು ಎಲ್ಲರ ಕಿವಿಗೂ ಬಿದ್ದಿದೆ. ಅದಕ್ಕೇ "ಹೊಸದಾಗಿ ಮದುವೆ ಆದವರು ಬ್ಯಾಡ್ರಿ" ಅಂತ ಮಾಲೀಕರು ನನ್ನೆದುರೇ ಹೇಳುತ್ತಾರೆ. ಇಎಸ್‌ಐನಲ್ಲಿ ಇರುವ ಹೆಣ್ಣುಮಗಳಿಗೆ ಆ ರಜೆಯ ಹಣ ಕೊಡುವುದು ಇಎಸ್‌ಐ, ಮಾಲೀಕರಲ್ಲ. ಗೊತ್ತಿಲ್ಲದ ಒಂದು ಮಾತಿನಿಂದಾಗಿ ಎಷ್ಟು ಹೆಣ್ಣುಮಕ್ಕಳು ಕೆಲಸ ಕಳೆದುಕೊಂಡಿರಬಹುದು ಅಂತ ಯೋಚಿಸಿದರೆ ಸಂಕಟ ಆಗುತ್ತದೆ. ಹತ್ತು ಜನ ಆದಕೂಡಲೇ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಮಾಡಬೇಕು, ಅದಕ್ಕೆ ಹಿರಿಯ ಮಹಿಳಾ ನೌಕರರೇ ಅಧ್ಯಕ್ಷರು, ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರೊಬ್ಬರು ಇರಬೇಕು. 2013ರ ಕಾಯ್ದೆ. ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಇದ್ದಲ್ಲಿ ಕೆಲಸ ಮಾಡುವ ಹೆಣ್ಣುಮಗಳು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಇದು ಬೇರೆ ಇಲಾಖೆಯ ವಿಷಯ ಅಂತ ನೀವು ಅನ್ನಬಹುದು. ಮಾಲೀಕರಿಗೆ ಸರ್ಕಾರ ಒಂದೇ. ನಿಮ್ಮ ನಿಮ್ಮ ಇಲಾಖೆಗಳ ಗೋಡೆ ಅವರಿಗೆ ಕಾಣುವುದಿಲ್ಲ.

ಇನ್ನು ಗ್ರಾಚ್ಯುಟಿ. ಇದೂ ಹತ್ತರ ಗೆರೆಯದೇ. ಐದು ವರ್ಷ ದುಡಿದವರು ಬಿಟ್ಟುಹೋಗುವಾಗ ಪ್ರತಿ ವರ್ಷಕ್ಕೆ ಹದಿನೈದು ದಿನದ ಪಗಾರ. ಕೊನೆಯ ಪಗಾರ 15,600 ಇದ್ದರೆ 26ರಿಂದ ಭಾಗಿಸಿ, ದಿನಕ್ಕೆ 600. ಹದಿನೈದು ದಿನಕ್ಕೆ 9,000. ಏಳು ವರ್ಷ ದುಡಿದಿದ್ದರೆ 63,000. ಒಂದೇ ಸಲ 63,000 ಅಂದರೆ ಎದೆ ಝಲ್ ಅನ್ನುತ್ತದೆ, ಅದೇ ತಿಂಗಳಿಗೆ 750 ಬದಿಗಿಟ್ಟಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಪಗಾರ ಏರಿದಂತೆ ಹಳೇ ವರ್ಷಗಳಿಗೂ ಹೊಸ ಪಗಾರದ ಲೆಕ್ಕವೇ ಬರುವುದರಿಂದ ಸ್ವಲ್ಪ ಜಾಸ್ತಿಯೇ ಇಡಬೇಕು. ನಿಗದಿತ ಅವಧಿಗೆ ಅಂತ ತೆಗೆದುಕೊಂಡವರಿಗೆ ಈಗ ಒಂದು ವರ್ಷ ಮುಗಿದರೂ ಗ್ರಾಚ್ಯುಟಿ ಉಂಟು. ಇದು ನವೆಂಬರ್ 21ರ ನಂತರದ ಮಾತು. ನೌಕರರು ತೀರಿಹೋದರೆ ಐದು ವರ್ಷದ ಷರತ್ತೇ ಇಲ್ಲ.

ಹತ್ತು ಮುಟ್ಟಿ ಮತ್ತೆ ಎಂಟಕ್ಕೆ ಇಳಿದರೆ? ಇಳಿದರೂ ಬಿಡುವುದಿಲ್ಲ. ಒಮ್ಮೆ ಕಾನೂನಿನೊಳಗೆ ಬಂದ ಮೇಲೆ ತಲೆ ಕಡಿಮೆಯಾಯಿತು ಅಂತ ಹೊರಗೆ ಹೋಗುವ ಹಾಗಿಲ್ಲ. ದೀಪಾವಳಿ ಸೀಜನ್‌ಗೆ ನಾಲ್ಕು ಜನರನ್ನು ಜಾಸ್ತಿ ಹಾಕಿಕೊಂಡ ಸ್ವೀಟ್ ಅಂಗಡಿಯವರು ಸಂಕ್ರಾಂತಿಗೆ ಅವರನ್ನು ಕಳಿಸಿ ನಿಶ್ಚಿಂತೆಯಿಂದ ಇರುತ್ತಾರೆ. ಅವರ ತಲೆ ಮೇಲೆ ಏನು ತೂಗುತ್ತಿದೆ ಅಂತ ಅವರಿಗೆ ಗೊತ್ತಿಲ್ಲ.

ಪಗಾರ ಒಡೆಯುವ ಆಟದ ಬಗ್ಗೆಯೂ ಒಂದು ಮಾತು. 20,000 ಪಗಾರದಲ್ಲಿ ಬೇಸಿಕ್ 6,000 ಅಂತ ತೋರಿಸಿ, ಉಳಿದದ್ದನ್ನು ಆ ಭತ್ಯೆ ಈ ಭತ್ಯೆ ಅಂತ ಹಂಚುವುದು ನಮ್ಮ ಕಸುಬಿನವರೇ ಕಲಿಸಿಕೊಟ್ಟ ವಿದ್ಯೆ. ಪಿಎಫ್, ಗ್ರಾಚ್ಯುಟಿ ಕಡಿಮೆ ಬೀಳಲಿ ಅಂತ. ಹೊಸ ಸಂಹಿತೆಯಲ್ಲಿ ಭತ್ಯೆಗಳು ಒಟ್ಟು ಪಗಾರದ ಅರ್ಧ ದಾಟಿದರೆ, ದಾಟಿದ ಭಾಗವೂ ವೇತನಕ್ಕೇ ಸೇರುತ್ತದೆ. ಅಂದರೆ 20,000ದಲ್ಲಿ ಕಡೇಪಕ್ಷ 10,000 ಲೆಕ್ಕಕ್ಕೆ ಹಿಡಿಯಲೇಬೇಕು. ನನಗಂತೂ ಇದು ಒಳ್ಳೇದೇ ಅನಿಸಿತು. ಆದರೆ ಹಳೇ ಪಗಾರ ಪಟ್ಟಿಯನ್ನೇ ನಕಲು ಮಾಡಿಕೊಂಡು ಹೋಗುತ್ತಿರುವ ಸಾವಿರಾರು ಜನರಿಗೆ ಇದು ಯಾವಾಗ ತಿಳಿಯುತ್ತದೆ? ಯಾರೋ ಕೇಸ್ ಹಾಕಿದ ದಿನವೇ?

ಇಪ್ಪತ್ತರ ಗೆರೆ ಪಿಎಫ್‌ನದು. ಎರಡೂ ಕಡೆ ಶೇ 12. ಇಲ್ಲಿ ದೊಡ್ಡ ತಪ್ಪು ನಡೆಯುವುದು ಅಜ್ಞಾನದಿಂದ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೆಲಸದವರ ಪಗಾರದಿಂದ ಪಿಎಫ್ ಮುರಿದುಕೊಂಡು, ಕೈ ಕಟ್ಟಿದ ತಿಂಗಳು ಅದನ್ನೇ ಕಚ್ಚಾ ಮಾಲಿಗೆ ಹಾಕುವವರಿದ್ದಾರೆ. ಮುಂದಿನ ತಿಂಗಳು ಕಟ್ಟಿದರಾಯಿತು ಅಂತ. ಮುರಿದುಕೊಂಡದ್ದನ್ನು ಕಟ್ಟದಿದ್ದರೆ ಅದು ನಂಬಿಕೆ ದ್ರೋಹದ ಅಪರಾಧ. ಇನ್ನು 2026ರ ಮಾರ್ಚ್‌ವರೆಗೆ, ಹದಿನೈದನೇ ತಾರೀಖು ದಾಟಿ ಒಂದೇ ದಿನ ತಡವಾಗಿ ಕಟ್ಟಿದರೂ, ಆ ಹಣವನ್ನು ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸುವ ಹಾಗಿರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತ ಮಾಡಿತು. ಕೆಲಸದವರ ದುಡ್ಡಿನ ಮೇಲೆ ಮಾಲೀಕರು ತೆರಿಗೆ ಕಟ್ಟುವ ಸ್ಥಿತಿ ಬರುತ್ತಿತ್ತು. ಸರ್ವರ್ ಡೌನ್ ಇತ್ತು ಅಂದರೂ ಕೇಳುವವರಿರಲಿಲ್ಲ. ಆ ಅಭ್ಯಾಸಕ್ಕೆ ನಾನು ಈಗಲೂ ಹತ್ತನೇ ತಾರೀಖಿನಿಂದಲೇ ಎಲ್ಲರಿಗೂ ಫೋನ್ ಮಾಡಲು ಶುರು ಮಾಡುತ್ತೇನೆ. ನನ್ನ ಫೋನ್ ಎತ್ತದಿರುವುದು ಅವರ ಹಕ್ಕು ಅಂತ ಕೆಲವರು ತಿಳಿದಿದ್ದಾರೆ.

ಮಾಲೀಕರ ಪರವಾಗಿ ಬರೆಯುತ್ತಿದ್ದೇನೆ ಅಂದಮಾತ್ರಕ್ಕೆ ಅವರೆಲ್ಲ ಪಾಪದವರು ಅಂತ ನಾನು ಹೇಳುತ್ತಿಲ್ಲ. ಡಿಗ್ರಿ ಮುಗಿಸಿ ಬಂದ ಹುಡುಗಿಯ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಸಿದುಕೊಂಡು ಕಪಾಟಿನಲ್ಲಿ ಇಟ್ಟುಕೊಳ್ಳುವ ಮಾಲೀಕರಿದ್ದಾರೆ. ಬಿಟ್ಟುಹೋಗಬಾರದು ಅಂತ ಮೊದಲ ತಿಂಗಳ ಪಗಾರ ಹಿಡಿದಿಡುವವರಿದ್ದಾರೆ. ವರ್ಷಗಟ್ಟಲೆ ಒಬ್ಬರನ್ನು "ಟ್ರೈನಿ" ಅಂತಲೇ ಕರೆಯುವವರಿದ್ದಾರೆ. ಇವರಿಗೆ ಗೊತ್ತಿಲ್ಲ ಅಂತಲ್ಲ, ಗೊತ್ತಾದರೆ ತೊಂದರೆ ಅಂತ. ತಿಂಗಳ ಪಗಾರ ಮುಂದಿನ ತಿಂಗಳ ಏಳನೇ ತಾರೀಖಿನೊಳಗೆ ಕೊಡಬೇಕು. ಬಿಟ್ಟುಹೋದರೆ, ತೆಗೆದುಹಾಕಿದರೆ, ಅಂಗಡಿಯೇ ಮುಚ್ಚಿದರೆ ಎರಡು ಕೆಲಸದ ದಿನಗಳೊಳಗೆ ಬಾಕಿ ಪಗಾರ ಚುಕ್ತಾ ಆಗಬೇಕು. ವೇತನ ಸಂಹಿತೆ ಇದನ್ನು ಎಲ್ಲ ನೌಕರರಿಗೂ ಅನ್ವಯಿಸಿದೆ. ಒಬ್ಬರೇ ಕೆಲಸಕ್ಕಿದ್ದರೂ ಸರಿ. "ಮುಂದಿನ ತಿಂಗಳು ಬಾ, ಸೆಟ್ಲ್‌ಮೆಂಟ್ ಮಾಡ್ತೀನಿ" ಅನ್ನುವ ಕಾಲ ಮುಗಿಯಿತು, ಕಾಗದದ ಮೇಲಾದರೂ.

ಎಲ್ಲಕ್ಕಿಂತ ಮೊದಲು ಬೇಕಾದದ್ದು ನೇಮಕಾತಿ ಪತ್ರ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನಮ್ಮ 1961ರ ಕಾಯ್ದೆ ಕೆಲಸಕ್ಕೆ ಸೇರಿದ 30 ದಿನದೊಳಗೆ ಅದನ್ನು ಕೊಡಿ ಅನ್ನುತ್ತದೆ. ಹೆಸರು, ಹುದ್ದೆ, ಪಗಾರ, ಷರತ್ತು, ಅಷ್ಟೇ. ಒಂದು ಪುಟ. ಆರು ತಿಂಗಳು ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಪಗಾರ ಕೊಡದೆ ತೆಗೆಯುವ ಹಾಗಿಲ್ಲ ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಆ ಒಂದು ಪುಟ ಇಲ್ಲದೆ ಇದ್ದರೆ ಜಗಳದ ದಿನ ಎರಡೂ ಕಡೆಯವರ ಬಾಯಿಮಾತೇ ಸಾಕ್ಷಿ. ನೇಮಕಾತಿ ಪತ್ರ ಕೊಟ್ಟರೆ "ಪರ್ಮನೆಂಟ್ ಆಗಿಬಿಡ್ತಾರೆ" ಅನ್ನುವ ಹೆದರಿಕೆ ಎಲ್ಲಿಂದ ಹುಟ್ಟಿತೋ ನನಗೆ ತಿಳಿಯದು.

ಆ್ಯಪ್ ಮಾಡುವ ಹುಡುಗರ ತಾಪತ್ರಯ ಇನ್ನೊಂದು ಥರ. ಅವರು ಪತ್ರ ಕೊಡುತ್ತಾರೆ, ಜಾಸ್ತಿಯೇ ಕೊಡುತ್ತಾರೆ. ಇಂಟರ್‌ನೆಟ್‌ನಿಂದ ಅಮೆರಿಕದ ಯಾವುದೋ ಕಂಪನಿಯ ಹದಿನಾಲ್ಕು ಪುಟದ ಒಪ್ಪಂದ ಇಳಿಸಿಕೊಂಡು, ಹೆಸರು ಬದಲಿಸಿ, ಸಹಿ ಹಾಕಿಸಿರುತ್ತಾರೆ. "ಬಿಟ್ಟ ಮೇಲೆ ಎರಡು ವರ್ಷ ಇದೇ ಕೆಲಸ ಬೇರೆಲ್ಲೂ ಮಾಡಬಾರದು" ಅಂತ ಅದರಲ್ಲಿ ದಪ್ಪಕ್ಷರದಲ್ಲಿ ಇರುತ್ತದೆ. ನಮ್ಮ 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಅದಕ್ಕೆ ಬೆಲೆ ಇಲ್ಲ. ಆದರೆ ನಿಜವಾಗಿ ಬೇಕಾದ ಸಾಲು ಬಿಟ್ಟುಹೋಗಿರುತ್ತದೆ. ಪಗಾರಕ್ಕಿರುವವರು ಬರೆದ ಕೋಡ್ ಸಾಮಾನ್ಯವಾಗಿ ಕಂಪನಿಯದೇ. ಹೊರಗಿನಿಂದ ಕೂಲಿ ಲೆಕ್ಕದಲ್ಲಿ ಮಾಡಿಕೊಟ್ಟ ಫ್ರೀಲಾನ್ಸರ್ ಬರೆದದ್ದು, ಬರಹದಲ್ಲಿ ಬರೆಸಿಕೊಳ್ಳದಿದ್ದರೆ, ಅವರದ್ದೇ ಆಗಿ ಉಳಿಯುತ್ತದೆ. ದುಡ್ಡು ಪೂರ್ತಿ ಕೊಟ್ಟಿದ್ದರೂ! ಹೂಡಿಕೆದಾರರು ಕಾಗದ ಕೇಳಿದ ದಿನ ಇದು ಹೊರಬಂದು, ಮಾತುಕತೆ ಮುರಿದದ್ದನ್ನು ನೋಡಿದ್ದೇನೆ.

ಗೆಳೆಯರಿಬ್ಬರು ಸೇರಿ ಬಿಸಿನೆಸ್ ಶುರು ಮಾಡಿದಾಗಲೂ ಇಷ್ಟೇ. ಪಾಲುದಾರಿಕೆ ಪತ್ರ ಇರುವುದಿಲ್ಲ. ಇದ್ದರೂ ನೋಂದಣಿ ಆಗಿರುವುದಿಲ್ಲ. 1932ರ ಕಾಯ್ದೆಯ ಪ್ರಕಾರ ನೋಂದಣಿ ಆಗದ ಫರ್ಮ್ ತನಗೆ ಬರಬೇಕಾದ ಬಾಕಿಗಾಗಿ ಕರಾರಿನ ಮೇಲೆ ದಾವೆ ಹಾಕುವ ಹಾಗಿಲ್ಲ. ಒಬ್ಬ ಮಾಡಿದ ಸಾಲ ಇನ್ನೊಬ್ಬನ ಮನೆ ಬಾಗಿಲಿಗೂ ಬರುತ್ತದೆ. ಮಿಕ್ಕದ್ದನ್ನು ಅವರವರ ವಕೀಲರೇ ಹೇಳಲಿ.

ಕಾನೂನು ಅಂದರೆ ಬರೀ ಕೊಡುವುದು, ಕಟ್ಟುವುದು ಅಂತ ನಮ್ಮ ಸಣ್ಣ ಮಾಲೀಕರ ತಲೆಯಲ್ಲಿ ಕೂತಿದೆ. ಅವರಿಗೆ ಬರಬೇಕಾದದ್ದನ್ನೂ ಕಾನೂನೇ ಹೇಳುತ್ತದೆ. ಫ್ಯಾಬ್ರಿಕೇಶನ್ ಶೆಡ್‌ನವರು ದೊಡ್ಡ ಕಂಪನಿಗೆ ಮಾಲು ಕೊಟ್ಟು ಆರಾರು ತಿಂಗಳು ಉದ್ರಿ ಕಾಯುತ್ತಾರೆ. 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆಯಲ್ಲಿ, ಸರ್ಕಾರದ 'ಉದ್ಯಮ್' ಪುಟದಲ್ಲಿ ನೋಂದಣಿ ಇರುವ ಅತಿಸಣ್ಣ ಮತ್ತು ಸಣ್ಣ ಘಟಕಕ್ಕೆ ಕೊಳ್ಳುವವರು ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಗಡುವು ದಾಟಿ ಉಳಿಸಿಕೊಂಡ ಬಾಕಿಯನ್ನು, ದುಡ್ಡು ಕೊಡುವವರೆಗೆ, ಕೊಳ್ಳುವವರು ಆದಾಯ ತೆರಿಗೆಯಲ್ಲಿ ಖರ್ಚಿಗೆ ಹಾಕುವಂತಿಲ್ಲ. ಉದ್ಯಮ್ ನೋಂದಣಿಗೆ ಒಂದು ಪೈಸೆ ಶುಲ್ಕ ಇಲ್ಲ. ಆದರೂ ಸರ್ಕಾರಿ ವೆಬ್‌ಸೈಟ್ ಥರ ಕಾಣುವ ಖಾಸಗಿ ಪುಟಗಳಲ್ಲಿ ಸಾವಿರ, ಎರಡು ಸಾವಿರ ಕೊಟ್ಟು ನೋಂದಣಿ ಮಾಡಿಸಿಕೊಂಡು ಬಂದವರಿಗೆ ನಾನು ಏನು ಹೇಳಲಿ? ಹಾಂ, ತಡವಾಗಿ ದುಡ್ಡು ಕೊಡುವವರಲ್ಲಿ ಸರ್ಕಾರದ ಕಚೇರಿಗಳೂ ಇರುತ್ತವೆ. ಅದರ ಬಗ್ಗೆ ಇನ್ನೊಂದು ಪತ್ರ ಬರೆಯಬೇಕಾದೀತು.

ಈಗ ನೀವು ಏನು ಮಾಡಬಹುದು ಅನ್ನುವುದಕ್ಕೆ ಬರುತ್ತೇನೆ.

ಹೊಸ ಸಂಹಿತೆಯಲ್ಲಿ ಇನ್ಸ್‌ಪೆಕ್ಟರ್ ಹೆಸರೇ ಬದಲಾಗಿದೆ. ಈಗ ಅವರು ಇನ್ಸ್‌ಪೆಕ್ಟರ್ ಕಮ್ ಫೆಸಿಲಿಟೇಟರ್. ತಪಾಸಣೆಯ ಜೊತೆಗೆ ಮಾಲೀಕರಿಗೂ ಕೆಲಸದವರಿಗೂ ಕಾನೂನು ತಿಳಿಸಿಕೊಡುವುದು ಅವರ ಕರ್ತವ್ಯ. ಅಷ್ಟೇ ಅಲ್ಲ, ಮೊದಲ ಸಲದ ತಪ್ಪಿಗೆ ಕೇಸ್ ಹಾಕುವ ಮುಂಚೆ, ಇಷ್ಟು ದಿನದೊಳಗೆ ಸರಿಪಡಿಸಿಕೊಳ್ಳಿ ಅಂತ ಬರಹದಲ್ಲಿ ಅವಕಾಶ ಕೊಡಬೇಕು ಅಂತ ವೇತನ ಸಂಹಿತೆಯೇ ಹೇಳುತ್ತದೆ. ಐದು ವರ್ಷದೊಳಗೆ ಅದೇ ತಪ್ಪು ಮತ್ತೆ ಮಾಡಿದವರಿಗೆ ಆ ರಿಯಾಯಿತಿ ಇಲ್ಲ. ಸರಿಯಾದ ನ್ಯಾಯ. ಕಲಿಸುವ ಕೆಲಸ ಕಾನೂನಿನಲ್ಲಿ ಬಂದಾಯಿತು, ಇನ್ನು ಅದು ಗಾಡಿ ಹತ್ತಿ ನಮ್ಮ ಓಣಿಗೆ ಬರಬೇಕು. ರೊಟ್ಟಿ ಯೂನಿಟ್‌ನ ಬಾಗಿಲಲ್ಲಿ ನಿಮ್ಮ ಇಲಾಖೆಯವರು ಕಂಡರೆ ಪೆನ್ಸಿಲ್ ಹೆಸರು ಅಳಿಸುವ ಬದಲು "ಬರ್ರಿ ಸಾಹೇಬ್ರ, ಒಂದು ವಿಷಯ ಕೇಳೂದೈತಿ" ಅನ್ನುವ ಹಾಗಾಗಬೇಕು. ಅದಕ್ಕೆ ನಿಮ್ಮವರಿಗೂ ಹೊಸ ತರಬೇತಿ ಬೇಕು. ಎಷ್ಟು ಕೇಸ್ ಹಾಕಿದಿರಿ ಅನ್ನುವ ಜೊತೆಗೆ ಎಷ್ಟು ಹೊಸ ಉದ್ಯಮಗಳಿಗೆ ಹೋಗಿ ಕಾನೂನು ತಿಳಿಸಿದಿರಿ ಅನ್ನುವುದನ್ನೂ ಅವರ ಕೆಲಸದ ಲೆಕ್ಕಕ್ಕೆ ಹಿಡಿಯಿರಿ.

ಭಾಷೆಯ ವಿಷಯ. ನಮ್ಮ ಅಂಗಡಿ ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು ಅಂತ ಸರ್ಕಾರ 2024ರಲ್ಲಿ ಕಾನೂನು ಬಿಗಿ ಮಾಡಿತು. ಹುಬ್ಬಳ್ಳಿಯವರು ಖುಷಿಯಿಂದಲೇ ಬೋರ್ಡ್ ಬದಲಿಸಿದರು. ಆದರೆ ಅದೇ ಅಂಗಡಿಯ ಗಲ್ಲಾ ಪೆಟ್ಟಿಗೆ ಹಿಂದೆ ಕೂತವರು ಪಿಎಫ್ ಕಟ್ಟಲು ಪುಟ ತೆರೆದರೆ ಇಂಗ್ಲಿಷ್. ಇಎಸ್‌ಐ ತೆರೆದರೆ ಇಂಗ್ಲಿಷ್. ಅವು ಕೇಂದ್ರದವು, ನಿಮ್ಮ ಕೈಯಲ್ಲಿ ಪೂರ್ತಿ ಇಲ್ಲ ಅಂತ ಗೊತ್ತು. ಕೇಂದ್ರಕ್ಕೆ ಪತ್ರ ಬರೆಯುವುದು ನಿಮ್ಮ ಕೈಯಲ್ಲೇ ಇದೆಯಲ್ಲ. ಸಂಹಿತೆಗಳ ಸರಳ ಕನ್ನಡ ಸಾರ, ಅದರ ಕೆಳಗೆ ಕರ್ನಾಟಕದ ಕನಿಷ್ಠ ವೇತನ, ವೃತ್ತಿ ತೆರಿಗೆ, ಅಂಗಡಿ ಕಾಯ್ದೆ, ಇವು ಪೂರ್ತಿ ನಿಮ್ಮ ಸರ್ಕಾರದ್ದೇ. ಕೋರ್ಟಿನ ಕನ್ನಡ ಬೇಡ. "ತತ್ಸಂಬಂಧವಾಗಿ ಮೇಲ್ಕಂಡ ಉಪಬಂಧದನ್ವಯ" ಅಂತ ಬರೆದರೆ ಅದಕ್ಕಿಂತ ಇಂಗ್ಲಿಷೇ ವಾಸಿ.

ಹೇಳುವ ಹೊತ್ತು ಯಾವುದು ಅನ್ನುವುದು ಮುಖ್ಯ. ನಿಮ್ಮ ಇಲಾಖೆಯ ಇ-ಕಾರ್ಮಿಕ ಪುಟದಲ್ಲಿ ಅಂಗಡಿ ನೋಂದಣಿ ಆದ ಕ್ಷಣ, ಪ್ರಮಾಣಪತ್ರದ ಜೊತೆಗೇ ಆ ಕನ್ನಡ ಸಾರದ ಹಾಳೆಯೂ ಡೌನ್‌ಲೋಡ್ ಆಗಲಿ, ವಾಟ್ಸ್‌ಆ್ಯಪ್‌ಗೂ ಬರಲಿ. ಸ್ವಂತ ಉದ್ಯಮ ಹಾಕಲು ಕೇಂದ್ರದ ಪಿಎಂಇಜಿಪಿ ಯೋಜನೆಯಲ್ಲಿ ಸಾಲ ತೆಗೆದುಕೊಳ್ಳುವವರಿಗೆ ಉದ್ಯಮಶೀಲತಾ ತರಬೇತಿ ಕಡ್ಡಾಯ. ಧಾರವಾಡದಲ್ಲಿ ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರ (ಸಿಡಾಕ್) ಇದೆ, 1982ರಲ್ಲಿ ಉಜಿರೆಯಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್‌ನ ಮಾದರಿಯಲ್ಲಿ ಜಿಲ್ಲೆಗಳಲ್ಲಿ ತರಬೇತಿ ಕೇಂದ್ರಗಳಿವೆ. ಅಲ್ಲಿಂದ ಬಂದ ನನ್ನ ಗಿರಾಕಿಗಳಿಗೆ ಪ್ರಾಜೆಕ್ಟ್ ರಿಪೋರ್ಟ್ ಮಾಡಲು ಬರುತ್ತದೆ, ಬ್ಯಾಂಕಿನ ಮುಂದೆ ಮಾತಾಡಲು ಬರುತ್ತದೆ. ಮೊದಲ ಕೆಲಸದವರನ್ನು ಇಟ್ಟುಕೊಂಡ ದಿನ ಏನು ಮಾಡಬೇಕು ಅಂದರೆ ನನ್ನ ಮುಖ ನೋಡುತ್ತಾರೆ. ಆ ತರಬೇತಿಯಲ್ಲಿ ಒಂದು ಪೂರ್ತಿ ದಿನ ಇದಕ್ಕೆ ಕೊಡಿಸಿ. ನಿಮ್ಮ ಇಲಾಖೆಯವರೊಬ್ಬರು, ಇಎಸ್‌ಐನವರೊಬ್ಬರು ಬಂದು ಕೂರಲಿ. ಹದಿನಾರು ಲಕ್ಷದ ಆ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿ ತೋರಿಸಲಿ.

ಅಂಥ ಹಾಳೆ ತಯಾರಿಸಲು ಸಮಿತಿ ಮಾಡುತ್ತೇವೆ, ವರದಿ ಬರಲಿ ಅನ್ನಬೇಡಿ, ದಯವಿಟ್ಟು. ಕರಡು ನಾನೇ ಬರೆದಿದ್ದೇನೆ. ಎ4 ಹಾಳೆಯ ಎರಡು ಮಗ್ಗುಲು. ಒಂದು ಮಗ್ಗುಲಲ್ಲಿ ಒಬ್ಬರಿದ್ದರೆ ಏನು, ಹತ್ತಾದರೆ ಏನು, ಇಪ್ಪತ್ತಾದರೆ ಏನು. ಇನ್ನೊಂದರಲ್ಲಿ ತಿಂಗಳ ತಾರೀಖುಗಳು, ಖಾಲಿ ನೇಮಕಾತಿ ಪತ್ರದ ನಮೂನೆ, ದೂರು ಕೊಡುವುದಾದರೆ ಎಲ್ಲಿ ಅಂತ ಕೆಲಸದವರಿಗೂ ನಾಲ್ಕು ಸಾಲು. ನನ್ನ ಗಿರಾಕಿಗಳ ಗೋಡೆ ಮೇಲೆ ಅದು ಈಗಾಗಲೇ ಅಂಟಿದೆ. ನಿಮ್ಮ ಕಾನೂನು ವಿಭಾಗದವರು ತಿದ್ದಲಿ, ಇಲಾಖೆಯ ಮುದ್ರೆ ಹಾಕಿ, ನನ್ನ ಹೆಸರು ಬೇಕಿಲ್ಲ. ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಬದಲಾಗುತ್ತದೆ, ಆ ಆದೇಶ ಹೇಗೂ ನಿಮ್ಮ ಕಚೇರಿಯಿಂದಲೇ ಹೊರಡುತ್ತದೆ. ಮುಂದಿನ ಆದೇಶದ ಜೊತೆಗೇ ಈ ಹಾಳೆಯನ್ನೂ ಕಳಿಸಿಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಹುಬ್ಬಳ್ಳಿಯಲ್ಲಿ ಲೆಕ್ಕ ಬರೆಯುವವಳು